ಕಲ್ಲುಬಾನಿಯ ಅರ್ಜಿ

ಕಾರು ಓಡಿಸುವ ಪರೀಕ್ಷೆಯಲ್ಲಿ ನಾಲ್ಕನೇ ಸಲ ಫೇಲಾದ ದಿನ
ನಾನು ಅತ್ತು ಮುಗಿಸಿದ್ದು ಇದರ ಅಂಚಿನ ಮೇಲೆ ಕೂತು.
ಅದನ್ನು ಅರ್ಜಿಯಲ್ಲಿ ಬರೆಯುವ ಹಾಗಿಲ್ಲ.

ಅರ್ಜಿಗೆ ಬೇಕಾದದ್ದು: ಹೆಸರು, ವಿವರಣೆ,
ಹತ್ತಿರದ ಒಂದು ಚಿತ್ರ, ದೂರದ ಒಂದು ಚಿತ್ರ,
ಮತ್ತೆ ಈ ಜಾಗ ಯಾಕೆ ಮುಖ್ಯ ಅನ್ನುವುದಕ್ಕೆ
ನಿಮ್ಮನ್ನು ಬಿಟ್ಟು ಬೇರೆ ಕಾರಣ.

ಟಾಡ್‌ಮರ್ಡನ್ನಿನ ಏರುದಾರಿಯಲ್ಲಿ, ಮುಚ್ಚಿದ ಬ್ಯಾಂಕಿನ ಪಕ್ಕ,
ತೊಡೆಯೆತ್ತರದ ಕಲ್ಲುಬಾನಿ.
ಕುದುರೆಗಳಿಗೆ ನೀರಿಟ್ಟದ್ದು ಒಂದು ಕಾಲ.
ಈಗ ಯಾರೋ ಮಣ್ಣು ತುಂಬಿ ಜೆರೇನಿಯಂ ನೆಟ್ಟಿದ್ದಾರೆ,
ಇನ್ಯಾರೋ ಚಿಪ್ಸ್ ಪೊಟ್ಟಣ ನೆಟ್ಟಿದ್ದಾರೆ.

ವೃದ್ಧಾಶ್ರಮದಲ್ಲಿ ರಾತ್ರಿಪಾಳಿ ಮುಗಿಸಿ ನಡೆದೇ ಬರುತ್ತೇನೆ.
ನಡೆಯುವವಳಿಗೆ ಆಟವೊಂದು ಸಿಕ್ಕಿತು:
ಫೋನಿನಲ್ಲಿ ಊರು, ಊರಿನಲ್ಲಿ ಹೊಳೆವ ನೀಲಿ ಬಿಲ್ಲೆಗಳು,
ಹತ್ತಿರ ಹೋಗಿ ಬೆರಳಲ್ಲಿ ತಿರುಗಿಸಿದರೆ
ಪುಟ್ಟ ಉಡುಗೊರೆ ಉದುರುತ್ತದೆ.
ಚರ್ಚಿಗೆ ಬಿಲ್ಲೆ ಇದೆ. ಕಾಲುವೆಯ ಗೇಟಿಗಿದೆ.
ಕಸದ ಡಬ್ಬಿಯ ಮೇಲೆ ಯಾರೋ ಬಳಿದ ಗೂಬೆಗೂ ಇದೆ.
ನನ್ನ ದಾರಿಯಲ್ಲಿ ಮಾತ್ರ, ಪೂರಾ ಒಂದು ಮೈಲಿ, ಏನೂ ಇಲ್ಲ.
ನಕ್ಷೆಯ ಪ್ರಕಾರ ನಾನು ದಿನಾ ಬೆಳಿಗ್ಗೆ
ಎಲ್ಲೂ ಅಲ್ಲದ ಕಡೆ ನಡೆಯುತ್ತಿದ್ದೆ.

ನಾಲ್ಕು ಜನ ಏನಂತಾರೆ ಅಂತ ಹೆದರಿಸಿಯೇ ಬೆಳೆಸಿದರು ನನ್ನನ್ನು.
ಆ ನಾಲ್ವರು ಯಾರು ಅಂತ ಈಗ ಗೊತ್ತಾಯಿತು:
ಎಲ್ಲೋ ಸೋಫಾದ ಮೇಲೆ ಕಾಲು ಚಾಚಿ,
ಒಬ್ಬ ಪೋಲೆಂಡಿನಲ್ಲಿ, ಒಬ್ಬಳು ಲೀಡ್ಸಿನಲ್ಲಿ,
ನನ್ನ ಬಾನಿಗೆ ಹೆಬ್ಬೆರಳು ಎತ್ತುವವರು, ಇಳಿಸುವವರು.

ಮೊದಲ ಸಲ: 'ಹೂಕುಂಡ. ಎಲ್ಲ ಕಡೆ ಇರುವಂಥದು.'
ಎರಡನೆಯ ಸಲ: ಚಿತ್ರದಲ್ಲಿ ಕಾರಿನ ನಂಬರ್ ಪ್ಲೇಟು.
ಕಾರು! ಅಲ್ಲಿಗೂ ಬಂತು ಅಡ್ಡ.
ಮೂರನೆಯ ಸಲ: 'ಹೇಳಿದ ಜಾಗದಲ್ಲಿ ಇಲ್ಲ.'
ಅದನ್ನು ನಾನು ಓದಿದ್ದು ಅದರ ಮೇಲೇ ಕೂತು.
ಕಲ್ಲಿನ ಚಳಿ ಪ್ಯಾಂಟಿನೊಳಗೆ ಇಳಿಯುತ್ತಿತ್ತು.

ಏಳನೇ ಕೋಣೆಯ ಎನಿಡ್ ಗ್ರೀನ್‌ವುಡ್‌ಗೆ ತೊಂಬತ್ತೆರಡು.
ರಾತ್ರಿ ಎರಡಕ್ಕೆ ಅವಳಿಗೆ ಎಚ್ಚರ, ನನಗೆ ಕೆಲಸ.
ಹಿಮ್ಮಡಿಗೆ ಮುಲಾಮು ಹಚ್ಚುತ್ತ ಕೇಳಿದೆ.
'ಹಾಲಿನ ಗಾಡಿಯ ಕ್ಯಾಪ್ಟನ್,' ಅಂದಳು ತಟ್ಟನೆ, ಕುದುರೆಯ ಹೆಸರು.
ಗಂಡನ ಹೆಸರಿಗೆ ಅವಳಿಗೆ ಅದಕ್ಕಿಂತ ಹೊತ್ತು ಬೇಕು.
'ಅಂಚು ಮುಟ್ಟಿ ನೋಡು. ಕುತ್ತಿಗೆ ಉಜ್ಜಿ ಉಜ್ಜಿ ಸವೆದಿರಬೇಕು.'

ಮುಟ್ಟಿದೆ. ಇತ್ತು.
ಎಡಬದಿಗೆ, ಅಂಗೈ ಮಲಗುವಷ್ಟು ತಗ್ಗು,
ಎಷ್ಟೋ ವರ್ಷದ ಬಾಯಾರಿಕೆ ಕಲ್ಲನ್ನು ನೆಕ್ಕಿದ ಗುರುತು.
ಆವತ್ತು ನಾನು ಕೂತಿದ್ದೂ ಅಲ್ಲೇ ಇರಬೇಕು,
ಎಷ್ಟು ಸಲೀಸಾಗಿ ಕೂತಿದ್ದೆ.

ತಗ್ಗಿನ ಚಿತ್ರ ತೆಗೆದೆ: ಮುಖವಿಲ್ಲ, ಕಾರಿಲ್ಲ, ನನ್ನ ನೆರಳೂ ಇಲ್ಲ.
ನಾಲ್ಕನೇ ಸಲ, ಮೂರು ವಾರ ಕಾಯಿಸಿ, ಒಪ್ಪಿಗೆ.
ನಿಂತಲ್ಲೇ ಬಿಲ್ಲೆ ಹೊಳೆಯಿತು,
'ಕ್ಯಾಪ್ಟನ್ ಕುಡಿದ ಬಾನಿ' ಅಂತ ನಾನಿಟ್ಟ ಹೆಸರು ಹೊತ್ತು.

ಆ ರಾತ್ರಿಯೇ ಎನಿಡ್‌ಗೆ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ,
'ಕ್ಯಾಪ್ಟನ್ ಇದರಲ್ಲಿ ಒಂದು ದಿನವೂ ಕುಡಿಯಲಿಲ್ಲವಲ್ಲ,' ಅಂದಳು.
'ಅದಕ್ಕೆ ಬಕೆಟ್ಟೇ ಆಗಬೇಕು. ಭಾರೀ ಜಂಬ.'

ಈಗ ನನಗೂ ಸಿಕ್ಕಿದೆ ಹೆಬ್ಬೆರಳಿನ ಅಧಿಕಾರ.
ಬೆಳಿಗ್ಗೆ ಟೋಸ್ಟ್ ಕಡಿಯುತ್ತ ಪಂಚಾಯ್ತಿ ಮಾಡುತ್ತೇನೆ:
ಯಾರದೋ ಆಟದ ಮೈದಾನ, ಸರಿ. ಯಾರದೋ ದೀಪದ ಕಂಬ, ಇಲ್ಲ.
ನಿನ್ನೆ ಕಾರ್ಡಿಫ್‌ನಿಂದ ಒಂದು ಬೆಂಚು. ಬರೀ ಬೆಂಚು.
ಫಲಕವಿಲ್ಲ, ಒಂದು ಹಲಗೆ ಮುರಿದಿದೆ.
ಕಾರಣ ಬರೆಯುವಲ್ಲಿ
'ಇದು ಮುಖ್ಯ' ಅಂತಷ್ಟೇ ಇದೆ.
ನಿಯಮದ ಪ್ರಕಾರ ಇಲ್ಲ ಅನ್ನಬೇಕು.
ಚಹಾ ಆರಿತು. ಇನ್ನೂ ಒತ್ತಿಲ್ಲ.

ಇವತ್ತು ಬರುವಾಗ ಬಾನಿಯ ಹತ್ತಿರ ಒಬ್ಬ ಹುಡುಗ,
ಶಾಲೆಯ ಟೈ ಸಡಿಲ, ಬೆನ್ನು ಕಲ್ಲಿನ ಕಡೆ,
ಬಿಲ್ಲೆ ತಿರುಗಿಸಿ, ಬಂದದ್ದನ್ನು ಎಣಿಸಿಕೊಳ್ಳುತ್ತಿದ್ದ.
ಬಾನಿಯನ್ನು ನೋಡಲೇ ಇಲ್ಲ.
ಬ್ಯಾಗು ಮಾತ್ರ, ಭಾರಕ್ಕೆ, ಅಂಚಿನ ಮೇಲೆ ಇಟ್ಟಿದ್ದ,
ಎಡಬದಿಗೆ, ಆ ತಗ್ಗಿನಲ್ಲೇ.