ಕರಡು ಓದುವ ದನಿ

ಒಂದು ತುದಿಗೆ ಜಾಲಿಮುಳ್ಳಿನಂಥ ಒಂದೇ ಪಿನ್ನು,
ಇನ್ನೊಂದಕ್ಕೆ ಕೆಂಪು ಬಿಳಿ ಎರಡು ಬಾಯಿ.
ಚಾಮರಾಜಪೇಟೆ ಸರ್ಕಲ್ಲಿನ ಅಂಗಡಿಯಲ್ಲಿ ಎಂಬತ್ತು ರೂಪಾಯಿ,
ಚೌಕಾಸಿಗೆ ಎಪ್ಪತ್ತು.
ಕಂಪ್ಯೂಟರಿನ ಬೆನ್ನಿಂದ ಮಾವನವರ ಸ್ಟೀರಿಯೋವರೆಗೆ
ಹೊಲಿಗೆ ಮಿಷಿನ್ನಿನ ಕೆಳಗೆ ಹಾಯಿಸಿ ಎಳೆದು ತಂದೆ.

ಕಾರಣ ದೊಡ್ಡದಲ್ಲ.
ಲಗ್ನಪತ್ರಿಕೆ ಜೋಡಿಸುವುದು ನನ್ನ ಕೆಲಸ.
ಹದಿನೆಂಟು ವರ್ಷ ನೋಡಿ ನೋಡಿ
ಕಣ್ಣು ಈಗ ತಪ್ಪನ್ನೂ ಸರಿಯೆಂದೇ ಓದುತ್ತದೆ.
'ವಧು' ಇರಬೇಕಾದಲ್ಲಿ 'ವಧೆ' ಎಂದು
ಐನೂರು ಪ್ರತಿ ಅಚ್ಚಾಗಿ ಬಂದ ಮೇಲೆ
ಕೆಲಸವನ್ನು ಕಿವಿಗೆ ಕೊಟ್ಟೆ.
ಬರೆದದ್ದನ್ನು ಕಂಪ್ಯೂಟರೇ ಓದುತ್ತದೆ, ಹೆಣ್ಣುದನಿ,
ಯಾವ ಊರಿನದೂ ಅಲ್ಲದ ಕನ್ನಡ;
ಅದರ ಸಣ್ಣ ಸ್ಪೀಕರಿನಲ್ಲಿ
ಸ, ಶ, ಷ ಮೂರೂ ಒಂದೇ ನೊಣ.

ಮೊದಲ ದಿನ ಬರೀ ಗುಂಯ್.
ದಾದಾಪೀರ್ ಬಂದ, ಹಲ್ಲಲ್ಲಿ ಟೆಸ್ಟರ್ ಕಚ್ಚಿಕೊಂಡು.
'ಎರಡಕ್ಕೂ ಎರಡು ಗೋಡೆ ಕರೆಂಟು ಕೊಟ್ಟಿದೀಯಕ್ಕ,
ಅದಕ್ಕೇ ಜಗಳ. ಒಂದೇ ಬೋರ್ಡಿಗೆ ಹಾಕು,
ಒಂದೇ ತಟ್ಟೇಲಿ ಉಣ್ಲಿ.'
ಗುಂಯ್ ನಿಂತಿತು.
ಮಾವ ಮಾತ್ರ ತಲೆ ಎತ್ತಿ 'ಯಾಕ್ ನಿಂತ್ತದು?' ಅಂದರು.
ಮೂವತ್ತೊಂದು ವರ್ಷ ಮಿಲ್ಲಿನ ಸ್ಪಿನ್ನಿಂಗು
ತಿಂದು ಉಳಿಸಿದ ಕಿವಿ ಅವರದು;
ಆ ಸ್ಟೀರಿಯೋ, ಮಿಲ್ಲು ಮುಚ್ಚಿದಾಗ ಕೈಗೆ ಬಂದ ದುಡ್ಡಿನದು.
ಅತ್ತೆ ಬಳೆ ಕೇಳಿದ್ದರಂತೆ.

ಆಮೇಲೆ ಸುಖವಾಗಿತ್ತು.
ರೊಟ್ಟಿ ತಟ್ಟುತ್ತಲೇ ಕರಡು ತಿದ್ದುತ್ತಿದ್ದೆ.
ಹಾಲೇಶಪ್ಪನವರ ಮೊಮ್ಮಗಳು, ಕರಿಬಸಪ್ಪನವರ ದ್ವಿತೀಯ ಪುತ್ರ,
ಬೆಳಿಗ್ಗೆ ಒಂಬತ್ತು ಇಪ್ಪತ್ತರಿಂದ ಹತ್ತೂ ಐದರೊಳಗೆ,
ಸ್ಟೀರಿಯೋದ ಎದೆಯಿಂದ ಬರುವ 'ಷ'ಕ್ಕೆ
ಸಾರಿಗೆ ಬಿದ್ದ ಒಗ್ಗರಣೆಯ ಸದ್ದು.

ಆ ಮಂಗಳವಾರ
ಮಾವ ಪ್ರದೇಶ ಸಮಾಚಾರ ಕೇಳಿ ಎದ್ದಿದ್ದರು.
ರೇಡಿಯೋ ಬಿಡಿಸಿ ಇತ್ತ ತಿರುಗಿಸಿದವಳು
ವಾಲ್ಯೂಮು ಎಲ್ಲಿದೆಯೆಂದು ನೋಡಲಿಲ್ಲ.
ಕಿಟಕಿ ತೆರೆದಿತ್ತು, ಆಚೆ ಭಟ್ಟಿಯ ಓಣಿ,
ಕಾದ ಮರಳಲ್ಲಿ ಮಂಡಕ್ಕಿ ಅರಳುವ ಹೊತ್ತು.

'ಕೆಂಚಮ್ಮ ಮತ್ತು ಓಬಳೇಶ ಇವರ ಮದುವೆಯು
ಇದೇ ತಿಂಗಳ ಇಪ್ಪತ್ತೆರಡರಂದು
ರಿಜಿಸ್ಟ್ರಾರ್ ಕಚೇರಿಯಲ್ಲಿ. ಊಟಕ್ಕೆ ಬನ್ನಿ.'

ಇಪ್ಪತ್ತೈದೇ ಕಾರ್ಡು. ಈಗಲೇ ಯಾರಿಗೂ ಹೇಳಬೇಡ ಅಂದಿದ್ದಳು
ಭಟ್ಟಿಯಲ್ಲಿ ಜರಡಿ ಹಿಡಿಯುವ ಕೆಂಚಮ್ಮ,
ಸೆರಗಿನ ಗಂಟಲ್ಲಿ ಮುಂಗಡ ತಂದು.
ಗಂಡ ಹೋಗಿ ಹನ್ನೊಂದು ವರ್ಷ, ಮಗಳಿಗೆ ಮಗುವಾಗಿದೆ.
ಓಬಳೇಶ ಹೊಟ್ಟಿನ ಗಾಡಿಯವನು.

ಅವಳು ಹೇಳಿದ್ದು ಕಿವಿಯ ಬುಡದಲ್ಲಿ;
ಪೆಟ್ಟಿಗೆಗೆ ಪಿಸುಗುಟ್ಟಲು ಬರುವುದಿಲ್ಲ.
ಹಿಟ್ಟಿನ ಕೈಯಲ್ಲಿ ನಾನು ಓಡುವಷ್ಟರಲ್ಲಿ
ಎರಡನೇ ಸಲವೂ ಓದಿ ಮುಗಿಸಿತ್ತು.
ಎರಡು ಸಲ ಓದೆಂದು ನಾನೇ ಹೇಳಿಟ್ಟಿದ್ದೆ.
ಓಣಿಯ ಜರಡಿಗಳೆಲ್ಲ ನಿಂತವು.
ಮರಳಿನ ಸದ್ದು ಮಾತ್ರ.

ಮರುದಿನ ಅವಳು ಬಂದಾಗ ಬಾಗಿಲಲ್ಲೇ ನಿಂತೆ,
ಬೈಸಿಕೊಳ್ಳಲು ಹದವಾಗಿ.
ಬೈದಳು, ಇಲ್ಲ ಅನ್ನುವುದಿಲ್ಲ,
ನನ್ನ ತವರಿನವರೆಗೂ ಹೋಗಿ ಬಂದಳು.
ಆಮೇಲೆ ನೀರು ಕೇಳಿ ಕುಡಿದು, ಹೊಸ್ತಿಲ ಮೇಲೆ ಕೂತು,
'ಇನ್ನೊಂದ್ಸಲ ಹಾಕು' ಅಂದಳು.
ಹಾಕಿದೆ, ಸಣ್ಣಗೆ.
'ಅಷ್ಟೇ ಐತಾ? ಇಂಥೋರ ಹೆಂಡ್ತಿ ಅಂತಿಲ್ಲ?'
'ನೀನೇ ಬರೆಸಲಿಲ್ಲ.'
'ಬರೀ ಕೆಂಚಮ್ಮ,' ಅಂದಳು, ನಾಲಗೆಯಲ್ಲಿ ತೂಗಿ ನೋಡಿ.
'ಪೆಟ್ಟಿಗೆಯಾಕಿ ಹೆಂಗೆ ನಾಚ್ಕೆ ಇಲ್ದೆ ಅಂತಾಳೆ ನೋಡು.'

ಮಾವ ಏನೂ ಹೇಳದೆ ಎದ್ದು ಹೋಗಿ
ಗುಂಡಿಯನ್ನು ಮೂರು ಮನೆಯಷ್ಟು ತಿರುಗಿಸಿದರು.

ಕಾರ್ಡು ಸಾಲಲಿಲ್ಲ, ಇನ್ನೂ ಅರವತ್ತು ಹಾಕಿಸಿದೆವು.
'ಊಟಕ್ಕೆ'ಯ ಕೆಳಗಿನೊತ್ತು ಎಲ್ಲದರಲ್ಲೂ ಬಿಟ್ಟುಹೋಗಿತ್ತು.
ಯಾರ ಕಿವಿಗೂ ಬೀಳಲಿಲ್ಲ.