ಕೂಗಳತೆ

ಎರಡನೆಯ ಪರಿಶೀಲಕರು ಕೇಳಿದ್ದಾರೆ.
ಪುಟ ಏಳು, ಸಾಲು ಹದಿನಾಲ್ಕು.
ಮಂಗ ಸತ್ತು ಬಿದ್ದ ಜಾಗ ಮನೆಗೆ ಹತ್ತಿರ ಎಂದಿದ್ದೀರಿ,
ಹತ್ತಿರ ಎಂದರೆ ಎಷ್ಟು ಮೀಟರು?

ನ್ಯಾಯವಾದ ಪ್ರಶ್ನೆ.
ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ
ಫ್ಯಾನು ನನ್ನ ಮೂರನೇ ಕೋಷ್ಟಕವನ್ನು ಮಗುಚಿ ಮಗುಚಿ ಹಾಕುತ್ತಿದೆ.
ಹಳೆಯ ನೋಟ್‌ಬುಕ್ಕು ಹುಡುಕಿ ತೆಗೆದೆ.
ಫೆಬ್ರವರಿ ಹನ್ನೊಂದು, ಡೇಪಾ ಎಣ್ಣೆ ಮೆತ್ತಿದ ಹಾಳೆ,
ನನ್ನದೇ ಅಕ್ಷರ:
‘ಬೂದ್ಯಪ್ಪ ಹೇಳಿದ್ದು, ಒಂದು ಕೂಗಳತೆ.’
ಅದನ್ನು ‘ಹತ್ತಿರ’ ಮಾಡಿದವಳು ನಾನು.

ವರದಿಯೊಳಗೆ ಯಾರೂ ಇರುವುದಿಲ್ಲ.
ಬಿಳಿ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆಯಲಾಯಿತು,
ಹತ್ತಿದ ಉಣುಗುಗಳನ್ನು ಚಿಮಟದಿಂದ ಆರಿಸಲಾಯಿತು,
ಸೀಸೆಗೆ ತುಂಬಲಾಯಿತು, ಎಣಿಸಲಾಯಿತು, ನಾನೂರ ಹನ್ನೆರಡು.
ಬರೆಯುವುದು ಇಂಗ್ಲಿಷಿನಲ್ಲೇ, ಆದರೂ
ನನ್ನ ಕಿವಿಯಲ್ಲಿ ‘ಲಾಯಿತು, ಲಾಯಿತು’ ಎಂದೇ ತೊಟ್ಟಿಕ್ಕುತ್ತದೆ,
ಯಾರೋ ನಲ್ಲಿ ಪೂರ್ತಿ ತಿರುಗಿಸದೆ ಹೋದ ಹಾಗೆ.

ಎಳೆದವರು ಬೂದ್ಯಪ್ಪ.
ಬಟ್ಟೆ ಮುಳ್ಳಿಗೆ ಹರಿದಾಗ ಹೊಲಿದುಕೊಟ್ಟವಳು ಸೊಸೆ ಗುತ್ಯಮ್ಮ.
ಅವಳು ಕೋಷ್ಟಕದಲ್ಲಿದ್ದಾಳೆ, ಸಾಲು ಒಂಬತ್ತು:
ಸ್ತ್ರೀ, ಮೂವತ್ತನಾಲ್ಕು, ಜ್ವರ ಹದಿಮೂರು ದಿನ, ಗುಣ.
ಕೊನೆಯ ಅಂಕಣದಲ್ಲಿ ಎರಡೇ ಮಾತಿಗೆ ಜಾಗ,
ಗುಣ, ಇಲ್ಲವೇ ಸಾವು.
ಸೂಜಿಗೆ ದಾರ ಪೋಣಿಸಲು ಈಗ ಮಗಳನ್ನು ಕರೆಯುತ್ತಾಳೆ
ಎಂಬುದಕ್ಕೆ ಅಂಕಣವಿಲ್ಲ.
ಇರಬೇಕಿತ್ತು ಎಂದು ವಾದಿಸಲಾರೆ;
ಎಲ್ಲವನ್ನೂ ಬರೆದರೆ ಯಾವುದೂ ಕಾಣುವುದಿಲ್ಲ
ಎಂದು ಮೇಷ್ಟ್ರು ಹೇಳುವುದು ಸುಳ್ಳಲ್ಲ.

ಹೊಸನಗರದ ಮೊದಲ ಬಸ್ಸು ಹಿಡಿದೆ,
ಚೀಲದಲ್ಲಿ ಐವತ್ತು ಮೀಟರಿನ ಟೇಪು.
ಪ್ರಶ್ನೆ ಕೇಳಿ ಬೂದ್ಯಪ್ಪ ನಗಲಿಲ್ಲ.
‘ಯಾರ ಕೂಗು?’ ಅಂದರು.
‘ಗಾಳಿ ಎತ್ಲಾಗಿಂದ?
ಕೇಳೋರು ಕೆಲಸದಲ್ಲಿದ್ರೋ, ಸುಮ್ನೆ ಕೂತಿದ್ರೋ?’
ಪರಿಶೀಲಕರಿಗೆ ಇಷ್ಟೆಲ್ಲ ಹೊಳೆದಿರಲಿಲ್ಲ.

ಅವರು ಮತ್ತಿಮರದ ಬುಡದಲ್ಲಿ, ನಾನು ಜಗಲಿಯಿಂದ ಹಿಂದೆ ಹಿಂದೆ.
ಟೇಪಿನ ಆ ತುದಿ ಹಿಡಿದವಳು ಗುತ್ಯಮ್ಮ,
ಅವಳ ಕೈಯ ನಡುಕ ಲೋಹದಗುಂಟ ನನ್ನ ಬೆರಳಿಗೆ ಬರುತ್ತಿತ್ತು.
(ದೋಷದ ಪ್ರಮಾಣದಲ್ಲಿ ಅದೂ ಸೇರಿದೆ.)
ಹತ್ತು ಕೂಗು. ಆರನೆಯದಕ್ಕೆ
ಗುಡ್ಡದ ಆಚೆಯಿಂದ ಒಂದು ದನ ಓಗೊಟ್ಟಿತು,
ಅದನ್ನು ಕೈಬಿಟ್ಟೆ.
ಸರಾಸರಿ ಮುನ್ನೂರ ಹತ್ತು ಮೀಟರು,
ಆಚೀಚೆ ನಲವತ್ತಾರು.

‘ಏನಂತ ಕೂಗಿದ್ರಿ?’ ಎಂದೆ, ಟೇಪು ಸುತ್ತುತ್ತಾ.
‘ಅವತ್ತು ಕೂಗಿದ್ದೇ. ಬರಬ್ಯಾಡ, ಅಂತ.’
ನನಗೆ ಹತ್ತರಲ್ಲಿ ಒಂದರಲ್ಲೂ ಅದು ಕೇಳಿಸಿರಲಿಲ್ಲ,
ದನಿ ಮಾತ್ರ ಬಂದಿತ್ತು.
ಗುತ್ಯಮ್ಮ ಸೆರಗಿನಿಂದ ಟೇಪಿನ ಮಣ್ಣು ಒರೆಸುತ್ತಿದ್ದಳು.
‘ಮಾವ ಕರೀತಿದಾರೆ ಅಂದ್ಕಂಡೆ,’ ಅಂದಳು.
‘ಓಡಿ ಬಂದೆ.’

ಟೇಪು ಮತ್ತೆ ಬಿಚ್ಚಿದೆವು.
ಮಾತು ಮಾತಾಗಿ ಕೇಳುವುದು
ನೂರ ನಲವತ್ತರ ತನಕ.

ರಾತ್ರಿ ಕೋಣೆಯಲ್ಲಿ ಕೂತು ಉತ್ತರ ಬರೆದೆ.
ಪರಿಶೀಲಕರಿಗೆ ಧನ್ಯವಾದ, ಸಾಲು ತಿದ್ದಲಾಗಿದೆ.
‘ಬೂದ್ಯಪ್ಪ ಹತ್ತು ಬಾರಿ ಕೂಗಿದರು’ ಎಂದು ಹೊಡೆದೆ.
ಮೇಷ್ಟ್ರು ಫೋನಿನಲ್ಲಿ ಮೆತ್ತಗೆ ಹೇಳಿದರು,
ಹೆಸರು ಕೃತಜ್ಞತೆಯಲ್ಲಿ ಹಾಕಮ್ಮ, ಅಲ್ಲಿ ಜಾಗ ಇದೆ.
ಹಾಕಿದೆ.
ಒಳಗೆ ಉಳಿದದ್ದು,
ಹತ್ತು ಬಾರಿ ಕೂಗಲಾಯಿತು; ಒಂದನ್ನು ಕೈಬಿಡಲಾಯಿತು.

ಕೆಳಗೆ ಅಂಗಡಿಯವನು ಯಾರದೋ ಪ್ರಬಂಧಕ್ಕೆ
ಐದು ಪ್ರತಿ ತೆಗೆಯುತ್ತಿದ್ದ,
ಹಸಿರು ಬೆಳಕು ಮೆಟ್ಟಿಲ ಮೇಲೆ ಹೋಗಿ ಬರುತ್ತಿತ್ತು.
ಕೈಬಿಟ್ಟ ಆರನೆಯ ಕೂಗು
ನೋಟ್‌ಬುಕ್ಕಿನಲ್ಲಿದೆ, ಇನ್ನೂರ ತೊಂಬತ್ತು ಮೀಟರು,
ಪಕ್ಕದಲ್ಲಿ ಪೆನ್ಸಿಲಿನಲ್ಲಿ:
‘ಉತ್ತರ ಬಂತು.’