ಕಾಲು ಸುತ್ತು

ಏಳೂವರೆ ಸಾವಿರ ಅಡಿ ಎತ್ತರದ ಬಯಲು.
ನೀರು ಬೆರೆಸಿದ ಹಾಲಿನ ಹಾಗೆ
ಇಲ್ಲಿಯ ಗಾಳಿ ತೆಳು.
ಅರವತ್ತೆಂಟರ ಟ್ರಕ್ಕು ನನ್ನದು, ಬೆನ್ನ ಮೇಲೆ
ಮುನ್ನೂರು ಗ್ಯಾಲನ್ನಿನ ಪ್ಲಾಸ್ಟಿಕ್ ತೊಟ್ಟಿ;
ವಾರಕ್ಕೆ ಮೂರು ಸಲ ಅಂತೊನೀಟೋದಿಂದ
ಬಾವಿಯಿಲ್ಲದ ಹನ್ನೊಂದು ಮನೆಗಳಿಗೆ ನೀರು.

ಹಳೆಯ ಕಾರ್ಬ್ಯುರೇಟರಿಗೆ ಮುಪ್ಪು.
ಥ್ರಾಟಲ್ಲಿನ ಕಡ್ಡಿ ಗೂಡಿನಲ್ಲೇ ಸಡಿಲ,
ಬಿಸಿಲೇರಿದರೆ ಮೈಯೆಲ್ಲ ಪೆಟ್ರೋಲು ಬೆವರು,
ಏರಿನಲ್ಲಿ ಕೆಮ್ಮು, ಇಳಿಜಾರಿನಲ್ಲಿ
ಢಮಾರೆಂದು ಗುಂಡೇಟು, ನಾಯಿಗಳ ಬೊಗಳು.

ಯಾರನ್ನೂ ಕೇಳದೆ ಹೊಸದು ಕೊಂಡೆ:
ಏಳುನೂರೈವತ್ತರದು, ನಾಲ್ಕು ಬಾಯಿ.
ಡಬ್ಬ ತೆರೆದರೆ ಫಳಫಳ;
ನನ್ನ ಮುಖ ಅದರಲ್ಲಿ ನಾಲ್ಕು ಕಡೆ ಬಾಗಿತ್ತು.
ಬೆಲೆ? ಎರಡು ತಿಂಗಳ ನೀರು.

ಟ್ರಾಂಕಿಲಿನೋ ಮಾಯೆಸ್ತಾಸ್, ಎಪ್ಪತ್ತೊಂಬತ್ತು,
ನಲವತ್ತು ವರ್ಷ ಶಾಲೆ ಬಸ್ಸುಗಳ ಹೊಟ್ಟೆ ಬಗೆದವನು,
ಈಗ ಎರಡೂ ಕಿವಿ ಮಂದ,
ಡಬ್ಬದೊಳಗೆ ಇಣುಕಿದ.
ನಗಲಿಲ್ಲ. ಅದೇ ಚುಚ್ಚಿದ್ದು.
ಸೀಮೆಸುಣ್ಣದಿಂದ ಗ್ಯಾರೇಜಿನ ಬಾಗಿಲ ಮೇಲೆ
ಮುನ್ನೂರೇಳು ಘನ ಇಂಚು ಬರೆದ,
ಗುಣಿಸಿದ, ಭಾಗಿಸಿದ, ಗೆರೆ ಎಳೆದ.
"ಮುನ್ನೂರೈವತ್ತೈದು. ಅದೂ ನಾಲ್ಕು ಸಾವಿರ ಸುತ್ತಿಗೆ.
ನೀರು ಹೊತ್ತು ಎಂದಾದರೂ ಅಷ್ಟು ಓಡಿಸಿದ್ದೀಯಾ ಬೆನಿಲ್ಡೆ?
ಎದೆ ಎಷ್ಟು ಹೀರುತ್ತದೆ ಎಂದು ನೋಡದೆ
ಬಾಯಿ ಕೊಂಡುಬಿಟ್ಟೆಯಲ್ಲ ಮಗಳೇ.
ಅಗಲ ಬಾಯಲ್ಲಿ ಗಾಳಿ ಅಡ್ಡಾಡುತ್ತ ಬರುತ್ತದೆ,
ಪೆಟ್ರೋಲು ಎತ್ತಿಕೊಳ್ಳುವುದಿಲ್ಲ,
ಸೋಮಾರಿ ಆಳು ಮೂಟೆ ಮುಟ್ಟದ ಹಾಗೆ."

ಅಲಮೋಸಾದ ಹುಡುಗನೊಬ್ಬನಿಗೆ,
ಕಾಲು ಪಾಲು ಕಳೆದುಕೊಂಡು, ಮಾರಿದೆ.
ಬಂತು ಐನೂರರದು. ಮಂಕು ಬಣ್ಣ.
ಒಳಗೆ ಕಡಲ ಮಟ್ಟಕ್ಕೆ ಕೊರೆದ ಜೆಟ್ಟುಗಳು;
ಕಾರ್ಖಾನೆಯವರಿಗೆ ಲೋಕವೆಲ್ಲ ಕಡಲತೀರ.
ಹಿತ್ತಾಳೆಯ ಆ ಮಣಿಗಳನ್ನು ಬಿಚ್ಚಿ
ಎರಡಳತೆ ಸಣ್ಣವನ್ನು ಕೂರಿಸಿದೆವು.
ತೂತಿಗೂ ತೂತಿಗೂ ಕೂದಲೆಳೆಯ ಅಂತರ,
ಕನ್ನಡಕ ಹಾಕಿದರೂ ನನಗೆ ಕಾಣದು.

"ಸ್ಕ್ರೂ ಮೆಲ್ಲಗೆ ಮುಚ್ಚು. ಒಂದೂವರೆ ಸುತ್ತು ಬಿಚ್ಚು.
ಇನ್ನು ಮೇಲೆ ಕಾಲು ಕಾಲು ಸುತ್ತು.
ತಿರುಗಿಸಿ ಕೈ ತೆಗೆ, ಹತ್ತು ಎಣಿಸು.
ಎಂಜಿನ್ನಿಗೂ ನಂಬಲು ಹೊತ್ತು ಬೇಕು."

ಮೀಟರಿನ ಮುಳ್ಳು ಹನ್ನೊಂದು, ಹನ್ನೆರಡು.
ಪುಸ್ತಕ ಹದಿನೆಂಟು ಎನ್ನುತ್ತದೆ
(ಪುಸ್ತಕವೂ ಕಡಲತೀರದ್ದೇ).
ಸದ್ದು ಇಂಪಾಗಿದೆ, ಸಾಕು, ಎಂದು ನಾನು ಕೈಸನ್ನೆ ಮಾಡಿದೆ.
ಅವನು ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ನಿಂತಿದ್ದ,
ಜ್ವರ ನೋಡುವವರ ಹಾಗೆ.
"ಇಲ್ಲ. ಎಲ್ಲೋ ನವೆ ಇದೆ."
ಬೆರಳು ಕಾರ್ಬ್ಯುರೇಟರಿನ ಬೆನ್ನ ಹಿಂದೆ ಇಳಿಯಿತು,
ತಡಕಿತು, ನಿಂತಿತು.
ನಾನು ಟೊಪ್ಪಿ ಹಾಕಲು ಮರೆತ ಪುಟ್ಟ ಕೊಳವೆ
ಕೂಸಿನ ಹಾಗೆ
ಅವನ ಬೆರಳು ಚೀಪುತ್ತಿತ್ತು.
ಕಿವಿಯಿದ್ದ ನನಗೆ ಫ್ಯಾನಿನ ಅಬ್ಬರ ಬಿಟ್ಟು
ಏನೂ ಕೇಳಿರಲಿಲ್ಲ.

ರಬ್ಬರಿನ ಟೊಪ್ಪಿ. ಮತ್ತೆರಡು ಕಾಲು ಸುತ್ತು.
ಮುಳ್ಳು ಹದಿಮೂರಕ್ಕೆ ಹೋಗಿ ಅಲ್ಲೇ ಮಲಗಿತು.

ಮರುದಿನ ತುಂಬಿದ ತೊಟ್ಟಿ. ಏರು. ಕೆಮ್ಮಿಲ್ಲ.
ಪೆಡಲು ಒತ್ತಿದೊಡನೆ ಒಂದು ಸಣ್ಣ ಮುಗ್ಗರಿಕೆ;
ಪಂಪಿನ ಕಡ್ಡಿಯನ್ನು ಪಕ್ಕದ ತೂತಿಗೆ ಬದಲಿಸಿದೆ,
ಹೋಗಲಿಲ್ಲ, ಕಡಿಮೆಯಾಯಿತು.
ದಾರಿಯಲ್ಲಿ ಪ್ಲಗ್ಗು ಬಿಚ್ಚಿ ನೋಡಿದರೆ
ಕಾಡಿಗೆ ಹೋಗಿ
ಹುರಿದ ಮೆಕ್ಕೆಜೋಳದ ಹಿಟ್ಟಿನ ಬಣ್ಣ.

ಹನ್ನೊಂದನೆಯ ಮನೆಯಲ್ಲಿ ಎಫಿಗೇನಿಯಾ ಸಿಡುಕಿದಳು.
ಪೀಪಾಯಿಯ ಮುಚ್ಚಳ ತೆಗೆದಿರಲಿಲ್ಲ,
ನಾಯಿ ಕಟ್ಟಿರಲಿಲ್ಲ, ಒಲೆಯ ಮೇಲೆ ಕಾಫಿ ಇಟ್ಟಿರಲಿಲ್ಲ.
"ಗುಂಡೇಟು ಕೇಳಿದ ಮೇಲೆ ಏಳುವುದು ನನ್ನ ರೂಢಿ.
ಹೀಗೆ ಕಳ್ಳನ ಹಾಗೆ ಬಂದರೆ
ನೀನು ಬಂದೆ ಎಂದು ತಿಳಿಯುವುದು ಹೇಗೆ?"

ನಾಳೆ ಹಾರ್ನಿನ ವೈರು ನೋಡಬೇಕು.